ಕೋವಿ ಆಸ್ತಿಯೇ? ಶಿಕಾರಿಪುರ, ಸೊರಬ ಸೀಮೆಯ ಒಂದು ವಾದದ ವಿಮರ್ಶೆ

೧

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಬೇಸಾಯದ ಮನೆತನಗಳವರೊಡನೆ ಮಾತಿಗೆ ಕುಳಿತವರಿಗೆ ಒಂದು ವಾದವು ಅಪರಿಚಿತವಾಗಿರಲಾರದು. ಕೋವಿಯ ಮೇಲಿನ ಕಾನೂನು ದಿನೇ ದಿನೇ ಬಿಗಿಯಾಗುತ್ತಿದೆ. ಮುಂದೆ ಪರವಾನಗಿಯೇ ದೊರೆಯದೆ ಹೋದೀತು. ಆದುದರಿಂದ ದೊರೆಯುವಾಗಲೇ ಒಳ್ಳೆಯದೊಂದನ್ನು ಕೊಂಡಿಟ್ಟರೆ ಅದು ಚಿನ್ನಕ್ಕೂ ಹೊಲಕ್ಕೂ ಸಮನಾದ ಆಸ್ತಿಯಾಗುವುದು ಎಂಬುದು ಅದರ ಸಾರ. ಈ ವಾದಕ್ಕೆ ಎರಡು ಆಧಾರಗಳನ್ನು ಮುಂದಿಡುವರು. ಮೊದಲನೆಯದು ಇತಿಹಾಸದ್ದು: ಇದು ವೀರಗಲ್ಲುಗಳ ನಾಡು, ಊರಿನ ಹೆಸರಿನಲ್ಲಿಯೇ ಶಿಕಾರಿ ಇದೆ, ಆಯುಧವು ನಮ್ಮಲ್ಲಿ ವಂಶಪಾರಂಪರ್ಯವಾದ ಸೊತ್ತು ಎನ್ನುವುದು. ಎರಡನೆಯದು ಹೊರದೇಶದ್ದು: ಅಮೆರಿಕದಲ್ಲಿ ನಿಷೇಧಕ್ಕೆ ಮುಂಚೆ ಅರೆಸ್ವಯಂಚಾಲಿತ ರೈಫಲುಗಳನ್ನು ಕೊಂಡಿಟ್ಟವರು ಅವನ್ನು ಅನಂತರ ಹೆಚ್ಚಿನ ಬೆಲೆಗೆ ಮಾರಿದರು ಎನ್ನುವುದು.

ಇಂತಹ ವಿಷಯವನ್ನು ಇತಿಹಾಸ ವಿಭಾಗದ ಪತ್ರಿಕೆಯಲ್ಲಿ ಎತ್ತಿಕೊಳ್ಳುವುದು ಉಚಿತವೇ ಎಂದು ಕೆಲವರು ಕೇಳಬಹುದು. ಉಚಿತವೆಂದೇ ನಮ್ಮ ಅಭಿಪ್ರಾಯ. ಏಕೆಂದರೆ ಈ ವಾದವು ನಮ್ಮ ಶಾಸ್ತ್ರದ ಸಾಮಗ್ರಿಯನ್ನೇ ಸಾಕ್ಷಿಯಾಗಿ ಕರೆಯುತ್ತಿದೆ. ಅಲ್ಲದೆ ನಮ್ಮ ತರಗತಿಗಳಲ್ಲಿ ಕುಳಿತುಕೊಳ್ಳುವ ವಿದ್ಯಾರ್ಥಿಗಳಲ್ಲಿ ಅನೇಕರು ಇಂತಹ ಮನೆಗಳಿಂದಲೇ ಬಂದವರು. ಅಡಕೆಯ ಅಥವಾ ಶುಂಠಿಯ ಒಂದು ವರ್ಷದ ಫಸಲಿನ ಹಣ ಕೋವಿಗೆ ಹೋದರೆ, ಅದು ಅವರ ಓದಿನ, ಮನೆಯ ದುರಸ್ತಿಯ, ಸಾಲ ತೀರಿಸುವಿಕೆಯ ಹಣದಿಂದಲೇ ಹೋಗಬೇಕು. ಆದಕಾರಣ ವಾದದ ಎರಡು ಆಧಾರಗಳನ್ನೂ, ಅವುಗಳ ನಡುವೆ ನಿಂತಿರುವ ನಮ್ಮ ದೇಶದ ಕಾನೂನನ್ನೂ ಕ್ರಮವಾಗಿ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಊರಿನ ಹೆಸರನ್ನು ನೋಡೋಣ. ಬಿ. ಎಲ್. ರೈಸರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಹೇಳುವಂತೆ ಈ ಸ್ಥಳಕ್ಕೆ ಮೊದಲು ಮಳಿಯನಹಳ್ಳಿ ಎಂದು ಹೆಸರಿದ್ದಿತು. ಕೆಳದಿಯ ಅರಸರ ಕಾಲದಲ್ಲಿ ಅದು ಮಹಾದಾನಪುರವಾಯಿತು. ಹೈದರಾಲಿಯ ಅಥವಾ ಟಿಪ್ಪುವಿನ ಕಾಲದಲ್ಲಿ ಇಲ್ಲಿ ಬೇಟೆಯ ಮೃಗಗಳು ಹೇರಳವಾಗಿ ಕಂಡುದರಿಂದ ಶಿಕಾರಿಪುರವೆಂಬ ಹೆಸರು ಬಂದಿತು. ಇದನ್ನು ಒಪ್ಪುವುದಾದರೆ, ಹೆಸರಿನಲ್ಲಿರುವ ಶಿಕಾರಿಯು ಊರವರದಲ್ಲ, ಆಳುವವರದು. ರೈತನ ಕೈಯ ಕೋವಿಗೆ ಈ ಹೆಸರು ಯಾವ ಹಕ್ಕನ್ನೂ ತಂದುಕೊಡುವುದಿಲ್ಲ. ಅದಕ್ಕಿಂತ ಹಿಂದಿನ ಹೆಸರಾದರೋ ದಾನವನ್ನು ಸೂಚಿಸುತ್ತದೆ. ಅದನ್ನು ಯಾರೂ ಸಾಕ್ಷಿಗೆ ಕರೆಯುತ್ತಿಲ್ಲ.

ವೀರಗಲ್ಲುಗಳ ಸಾಕ್ಷ್ಯ ಇದಕ್ಕಿಂತ ತೂಕವುಳ್ಳದ್ದು. ಎಪಿಗ್ರಾಫಿಯ ಕರ್ನಾಟಿಕದಲ್ಲಿ ಶಿಕಾರಿಪುರ ತಾಲ್ಲೂಕಿನ ಶಾಸನಗಳು ೧೯೦೨ರಲ್ಲಿ ಪ್ರಕಟವಾದ ಏಳನೆಯ ಸಂಪುಟದಲ್ಲಿಯೂ, ಸೊರಬದವು ೧೯೦೪ರ ಎಂಟನೆಯ ಸಂಪುಟದಲ್ಲಿಯೂ ಸೇರಿವೆ. ಈ ಎರಡು ಸಂಪುಟಗಳನ್ನು ತಿರುವಿದವರಿಗೆ ಈ ಸೀಮೆಯ ವೀರಗಲ್ಲುಗಳ ಸಂಖ್ಯೆ ಆಶ್ಚರ್ಯವನ್ನುಂಟುಮಾಡದಿರದು. ತುರುಗೋಳಿನಲ್ಲಿ ಹೋರಿ ಸತ್ತವರು, ಗಡಿಯ ಜಗಳದಲ್ಲಿ ಬಿದ್ದವರು, ಊರಳಿವಿನಲ್ಲಿಯೂ ಪೆಣ್ಬುಯ್ಯಲಿನಲ್ಲಿಯೂ ಮಡಿದವರು ಅಲ್ಲಿ ನಿಂತಿದ್ದಾರೆ. ಇವರೆಲ್ಲ ಆಯುಧ ಹಿಡಿದವರೇ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಪ್ರಶ್ನೆ ಅದಲ್ಲ. ಆಯುಧವು ಅಂದಿನ ಸಮಾಜದಲ್ಲಿ ಆಸ್ತಿಯೆಂದು ಎಣಿಕೆಯಾಗಿತ್ತೇ ಎಂಬುದು ಪ್ರಶ್ನೆ.

ಇದಕ್ಕೆ ಉತ್ತರವನ್ನು ಶಾಸನಗಳ ಪರಿಭಾಷೆಯೇ ಕೊಡುತ್ತದೆ. ಸತ್ತ ವೀರನ ಮನೆಯವರಿಗೆ ಅರಸನಾಗಲಿ ಊರಾಗಲಿ ಕೊಟ್ಟುದಕ್ಕೆ ನೆತ್ತರುಗೊಡಗೆ, ಬಾಳ್ಗಳ್ಚು, ಕಲ್ನಾಡು ಎಂಬ ಹೆಸರುಗಳಿವೆ. ಬಾಳ್ಗಳ್ಚು ಎಂದರೆ ಬಾಳನ್ನು, ಅಂದರೆ ಕತ್ತಿಯನ್ನು, ತೊಳೆದು ಕೊಡುವ ದತ್ತಿ. ಈ ಮೂರು ಶಬ್ದಗಳ ಹಿಂದೆಯೂ ಇರುವುದು ಭೂಮಿ. ನೆತ್ತರಿಗೆ ಪ್ರತಿಯಾಗಿ ಗದ್ದೆ ಬಂದಿತು, ಕತ್ತಿಗೆ ಪ್ರತಿಯಾಗಿ ಹೊಲ ಬಂದಿತು. ಮಕ್ಕಳ ಕೈಗೆ ಉಳಿದು, ತಲೆತಲಾಂತರಕ್ಕೆ ಸಾಗಿದುದು ಆ ನೆಲವೇ. ಕತ್ತಿಯನ್ನು ತೊಳೆದುದು ಕೆಲಸ ಮುಗಿಯಿತೆಂಬುದರ ಗುರುತು.

ಶಿಲ್ಪವೂ ಇದನ್ನೇ ಹೇಳುತ್ತದೆ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ವೀರನು ಬಿಲ್ಲೋ ಕತ್ತಿಯೋ ಹಿಡಿದು ಕಾದುತ್ತಾನೆ. ನಡುವಣ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಣ ಪಟ್ಟಿಕೆಯಲ್ಲಿ ಅವನು ಸಾಮಾನ್ಯವಾಗಿ ಲಿಂಗದ ಮುಂದೆ ಬರಿಗೈಯಲ್ಲಿ ಕುಳಿತಿರುತ್ತಾನೆ. ಆಯುಧವು ಅವನೊಡನೆ ಮೇಲಕ್ಕೆ ಹೋಗುವುದಿಲ್ಲ.

ಶಿಕಾರಿಪುರ ತಾಲ್ಲೂಕಿನದೇ ಆದ ತಾಳಗುಂದದ ಸ್ತಂಭಶಾಸನವನ್ನೂ ಇಲ್ಲಿ ನೆನೆಯಬೇಕು. ಕಂಚಿಗೆ ವಿದ್ಯೆಗಾಗಿ ಹೋದ ಮಯೂರಶರ್ಮನು ಪಲ್ಲವರ ಅಶ್ವಾರೋಹಿಯೊಡನೆ ಜಗಳವಾಗಿ, ದರ್ಭೆಯನ್ನು ಹಿಡಿದ ಕೈಯಲ್ಲಿ ಖಡ್ಗವನ್ನು ಹಿಡಿದನೆಂದು ಆ ಶಾಸನ ತಿಳಿಸುತ್ತದೆ. ಸ್ಥಳಾಭಿಮಾನದ ಭಾಷಣಗಳಲ್ಲಿ ಕಥೆ ಇಲ್ಲಿಗೇ ನಿಲ್ಲುವುದುಂಟು. ಶಾಸನವು ಮಾತ್ರ ಇಲ್ಲಿಗೆ ನಿಲ್ಲದೆ, ಪಶ್ಚಿಮ ಸಮುದ್ರವನ್ನು ಒಂದು ಎಲ್ಲೆಯಾಗಿ ಉಳ್ಳ ನೆಲವನ್ನು ಅವನು ಪಡೆದುದನ್ನು ಹೇಳಿ ಮುಂದುವರಿಯುತ್ತದೆ. ಶಾಸನಕರ್ತನಿಗೆ ಗಣ್ಯವೆನಿಸಿದ ಸಂಪತ್ತು ಯಾವುದೆಂಬುದು ಇದರಿಂದ ವಿದಿತವಾಗುತ್ತದೆ.

ಇನ್ನು ಕೊಡಗಿನ ದೃಷ್ಟಾಂತವನ್ನು ಕೆಲವರು ಮುಂದಿಡುವುದುಂಟು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆಯುಧದ ವಿಷಯದಲ್ಲಿ ೧೮೬೧ರಿಂದ ವಿನಾಯಿತಿ ನಡೆದುಬಂದಿರುವುದು ನಿಜ. ಅದನ್ನು ೨೦೨೧ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಎತ್ತಿಹಿಡಿದುದೂ ನಿಜ. ಆದರೆ ೨೦೧೯ರಲ್ಲಿ ಕೇಂದ್ರ ಸರ್ಕಾರವು ಅದನ್ನು ನವೀಕರಿಸಿದಾಗ ೨೦೨೯ರ ಅಕ್ಟೋಬರ್ ತಿಂಗಳ ಕೊನೆಯವರೆಗೆ ಎಂದು ಅವಧಿಯನ್ನು ಬರೆಯಿತು. ಪರಂಪರೆಯ ಬಲ ಅತ್ಯಧಿಕವಾಗಿರುವಲ್ಲಿಯೂ ಹಕ್ಕಿಗೆ ಒಂದು ತಾರೀಖು ಇದೆ. ಇದಲ್ಲದೆ ಆ ವಿನಾಯಿತಿಯು ಮನೆತನದ ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದುದು. ಕೊಂಡು ಕೂಡಿಟ್ಟು ಲಾಭಕ್ಕೆ ಮಾರುವುದಕ್ಕಲ್ಲ. ಶಿಕಾರಿಪುರ, ಸೊರಬಗಳಿಗೆ ಆ ವಿನಾಯಿತಿಯೂ ಇಲ್ಲ.

೩

ಇನ್ನು ಕಾನೂನಿನ ಸ್ಥಿತಿಯನ್ನು ವಿಚಾರಿಸಬೇಕು. ಬ್ರಿಟಿಷ್ ಭಾರತದ ೧೮೭೮ರ ಆಯುಧ ಕಾಯಿದೆಯ ಸ್ಥಾನದಲ್ಲಿ ೧೯೫೯ರ ಕಾಯಿದೆ ಬಂದು, ೧೯೬೨ರ ಅಕ್ಟೋಬರ್ ೧ರಿಂದ ಜಾರಿಯಾಯಿತು. ಅದರ ಹದಿಮೂರನೆಯ ಪ್ರಕರಣವು ನಮ್ಮ ರೈತನನ್ನು ನೇರವಾಗಿ ಉದ್ದೇಶಿಸಿ ಮಾತನಾಡುತ್ತದೆ. ನಿಜವಾದ ಬೆಳೆರಕ್ಷಣೆಗಾಗಿ ಬಾಯಿಯಿಂದ ಮದ್ದು ತುಂಬುವ ಕೋವಿಗೂ, ರಕ್ಷಣೆ ಅಥವಾ ಬೇಟೆಗಾಗಿ ಇಪ್ಪತ್ತು ಅಂಗುಲಕ್ಕೆ ಕಡಮೆಯಿಲ್ಲದ, ಒಳಗೆ ಸುರುಳಿಗೆರೆಯಿಲ್ಲದ ನಳಿಗೆಯ ಬಂದೂಕಿಗೂ ಪರವಾನಗಿ ಕೊಡತಕ್ಕದ್ದೆಂದು ಅದು ವಿಧಿಸುತ್ತದೆ. ಬೆಳೆಯನ್ನು ಕಾಯಲು ಮೊದಲನೆಯದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಎರಡನೆಯ ಬಗೆಯದನ್ನು ಕೊಡಬಹುದು. ಕೇಪಿನ ಕೋವಿ, ಒಂಟಿನಳಿಗೆ, ಜೋಡುನಳಿಗೆಯ ತೋಟಾಕೋವಿ ಎಂದು ನಮ್ಮವರು ಕರೆಯುವುದೆಲ್ಲ ಈ ಪರಿಧಿಯೊಳಗಿನದೇ.

ಅರೆಸ್ವಯಂಚಾಲಿತ ರೈಫಲು ಈ ಪರಿಧಿಗೆ ಹೊರಗಿನದು. ಒಂದು ಗುಂಡು ಹಾರಿದೊಡನೆ ಅದರ ಬಲದಿಂದಲೇ ಖಾಲಿ ತೋಟಾ ಹೊರಬಿದ್ದು ಹೊಸದು ನಳಿಗೆಗೆ ಸೇರುವ, ಕುದುರೆಯನ್ನು ಎಳೆದಂತೆಲ್ಲ ಒಂದೊಂದು ಗುಂಡು ಹಾರುವ ಯಂತ್ರ ಅದು. ೧೯೬೨ರ ನಿಯಮಗಳ ಮೊದಲನೆಯ ಅನುಸೂಚಿಯು ಪಿಸ್ತೂಲುಗಳನ್ನು ಬೇರೆಯಾಗಿಟ್ಟು, ಇಂತಹ ಬಂದೂಕುಗಳನ್ನು ಮೊದಲನೆಯ ವರ್ಗದಲ್ಲಿ, ನಿಷಿದ್ಧಾಯುಧಗಳ ಪಂಕ್ತಿಯಲ್ಲಿಯೇ ಸೇರಿಸಿತು. ಜಿಲ್ಲಾಧಿಕಾರಿಯಿಂದ ರೈತನು ಪಡೆಯುವ ಸಾಮಾನ್ಯ ಪರವಾನಗಿಗೆ ಅದು ನಿಲುಕುವುದಿಲ್ಲ. ಹೀಗಿರಲಾಗಿ, ನಿಷೇಧಕ್ಕೆ ಮುಂಚೆ ಅಂತಹ ರೈಫಲನ್ನು ಕೊಂಡಿಡುವ ಮಾತು ಇಲ್ಲಿ ಆರು ದಶಕಗಳಷ್ಟು ತಡವಾಗಿ ಬಂದ ಮಾತು. ಇಲ್ಲಿನ ವಾದವು ಹೊರದೇಶದ ರೈಫಲಿನ ಕಥೆಯನ್ನು ಕೇಳಿ, ಅದರ ಲಾಭವನ್ನು ಇಲ್ಲಿನ ತೋಟಾಕೋವಿಗೆ ಆರೋಪಿಸುತ್ತಿದೆ.

ಆ ತೋಟಾಕೋವಿಯಾದರೂ ಆಸ್ತಿಯ ಲಕ್ಷಣಗಳನ್ನು ಹೊಂದಿದೆಯೇ? ಆಸ್ತಿಯೆನ್ನುವುದಕ್ಕೆ ಇಟ್ಟುಕೊಳ್ಳುವ, ಮಾರುವ, ಮಕ್ಕಳಿಗೆ ಬಿಟ್ಟುಹೋಗುವ ಮೂರು ಸ್ವಾತಂತ್ರ್ಯಗಳಾದರೂ ಇರಬೇಕು. ಇಟ್ಟುಕೊಳ್ಳುವುದಕ್ಕೆ ಪರವಾನಗಿ ಬೇಕು. ಅದರ ಅವಧಿ ಹಿಂದೆ ಮೂರು ವರ್ಷವಿದ್ದು ೨೦೧೯ರ ತಿದ್ದುಪಡಿಯಿಂದ ಐದು ವರ್ಷವಾಯಿತು. ಹದಿನೇಳನೆಯ ಪ್ರಕರಣದಂತೆ ಅದನ್ನು ಅಮಾನತಿನಲ್ಲಿಡಲೂ ರದ್ದುಗೊಳಿಸಲೂ ಅಧಿಕಾರಿಗೆ ಅಧಿಕಾರವಿದೆ. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಪೋಲೀಸ್ ಠಾಣೆಯಲ್ಲಿ ಠೇವಣಿ ಇಡಬೇಕಾಗುವುದನ್ನು ನಮ್ಮ ರೈತರು ಚೆನ್ನಾಗಿ ಬಲ್ಲರು. ಮಾರುವುದಕ್ಕೆ ಪರವಾನಗಿಯುಳ್ಳ ಕೊಳ್ಳುವವನೇ ಬೇಕು. ಖಾಸಗಿಯಾಗಿ ಮಾರುವವನು ನಲವತ್ತೈದು ದಿನ ಮೊದಲೇ ಅಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಆದ್ದರಿಂದ ಕೊಳ್ಳುವವರ ಸಂಖ್ಯೆಯನ್ನು ಕಛೇರಿಯೇ ಹಿಡಿದಿಟ್ಟಿದೆ. ಪರವಾನಗಿ ದುರ್ಲಭವಾದಷ್ಟೂ ಕೋವಿಯ ಬೆಲೆ ಏರುವುದೆಂಬ ನಂಬಿಕೆಯಲ್ಲಿ ಇರುವ ದೋಷ ಇದೇ. ಪರವಾನಗಿ ದುರ್ಲಭವಾದರೆ ಕೋವಿ ಉಳ್ಳವರಷ್ಟೇ ಅಲ್ಲ, ಅದನ್ನು ಕೊಳ್ಳಬಲ್ಲವರೂ ಕಡಮೆಯಾಗುತ್ತಾರೆ.

ಮಕ್ಕಳಿಗೆ ಬಿಡುವ ವಿಷಯ ಇನ್ನೂ ಸ್ಪಷ್ಟವಾಗಿದೆ. ೧೯೮೩ರ ತಿದ್ದುಪಡಿಯು ಒಬ್ಬನಿಗೆ ಮೂರು ಬಂದೂಕುಗಳ ಮಿತಿಯನ್ನು ಹಾಕಿತು. ೨೦೧೯ರ ಡಿಸೆಂಬರಿನ ತಿದ್ದುಪಡಿಯು ಅದನ್ನು ಎರಡಕ್ಕೆ ಇಳಿಸಿತು. ಹೆಚ್ಚಿನದನ್ನು ಒಂದು ವರ್ಷದೊಳಗೆ ಠಾಣೆಯಲ್ಲಿ ಅಥವಾ ಪರವಾನಗಿಯುಳ್ಳ ವ್ಯಾಪಾರಿಯಲ್ಲಿ ಒಪ್ಪಿಸಬೇಕು. ಆ ಬಳಿಕ ತೊಂಬತ್ತು ದಿನಗಳಲ್ಲಿ ಅದರ ಪರವಾನಗಿ ತೆಗೆದುಹಾಕಲ್ಪಡುವುದು. ಉತ್ತರಾಧಿಕಾರವಾಗಿ ಬಂದ ಕೋವಿಯೂ ಈ ಎರಡರ ಮಿತಿಯನ್ನು ಮೀರಕೂಡದೆಂದು ಅದೇ ತಿದ್ದುಪಡಿ ಹೇಳುತ್ತದೆ. ಮೂರನೆಯದನ್ನು ಆಸ್ತಿಯೆಂದು ಕೊಂಡಿದ್ದವನ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ದೇಶದಲ್ಲೆಲ್ಲ ಮೂರನೆಯ ಕೋವಿಗಳು ಒಂದೇ ವರ್ಷದೊಳಗೆ ಕೈಬಿಟ್ಟುಹೋಗಬೇಕಾದಾಗ, ಅವುಗಳಿಗೆ ಒಳ್ಳೆಯ ಬೆಲೆಯನ್ನು ನಿರೀಕ್ಷಿಸುವುದು ಹೇಗೆ? ನಿರ್ಬಂಧವು ಬಂದಿತು, ಆದರೆ ನಮ್ಮ ವಾದಿಗಳು ಎಣಿಸಿದ್ದ ದಿಕ್ಕಿನಿಂದ ಬರಲಿಲ್ಲ.

೪

ಎರಡನೆಯ ಆಧಾರವಾದ ಹೊರದೇಶದ ನಿದರ್ಶನವನ್ನು ಈಗ ನೋಡಬಹುದು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೯೯೪ರ ಸೆಪ್ಟೆಂಬರಿನಲ್ಲಿ ಕೆಲವು ಬಗೆಯ ಅರೆಸ್ವಯಂಚಾಲಿತ ಬಂದೂಕುಗಳ ತಯಾರಿಕೆಯನ್ನು ಹತ್ತು ವರ್ಷಗಳ ಮಟ್ಟಿಗೆ ನಿಷೇಧಿಸಲಾಯಿತು. ಅದಕ್ಕೆ ಮೊದಲೇ ಜನರ ಕೈಯಲ್ಲಿದ್ದುದನ್ನು ಇಟ್ಟುಕೊಳ್ಳಲೂ ಮಾರಲೂ ಅವಕಾಶವಿತ್ತು. ನಮ್ಮವರು ಕೇಳಿರುವ ಕಥೆ ಇದು. ಆದರೆ ಕಥೆಯ ಉತ್ತರಾರ್ಧವನ್ನು ಅವರು ಕೇಳಿಲ್ಲ. ಈ ವಿಷಯವನ್ನು ಪರಿಶೀಲಿಸಿದ ಜೆಫ್ರಿ ರಾತ್ ಮತ್ತು ಕ್ರಿಸ್ಟೊಫರ್ ಕೋಪರ್ ಎಂಬ ವಿದ್ವಾಂಸರು, ನಿಷೇಧದ ಸುದ್ದಿಯಿಂದ ಬೆಲೆಗಳು ಹೆಚ್ಚುಕಡಮೆ ಅರ್ಧದಷ್ಟು ಏರಿದುವೆಂದೂ, ನಿಷೇಧ ಜಾರಿಯಾದ ಮೇಲೆ ಮತ್ತೆ ಹಿಂದಿನ ಮಟ್ಟದ ಬಳಿಗೆ ಇಳಿದುವೆಂದೂ ತೋರಿಸಿದ್ದಾರೆ. ಕಾರಣವೂ ಸರಳವಾದದ್ದೇ. ಕೊಳ್ಳುವವರು ಮಾತ್ರ ನಿಷೇಧವನ್ನು ನಿರೀಕ್ಷಿಸಲಿಲ್ಲ, ತಯಾರಕರೂ ನಿರೀಕ್ಷಿಸಿದರು. ಅವರು ಗಡುವಿಗೆ ಮುಂಚೆ ಹಿಂದಿಗಿಂತ ಬಹಳ ಹೆಚ್ಚಾಗಿ ತಯಾರಿಸಿ ಪೇಟೆಯನ್ನು ತುಂಬಿದರು. ಏರಿದ ಬೆಲೆಗೆ ಕೊಂಡವನು ಇಳಿದ ಬೆಲೆಯನ್ನು ನೋಡಬೇಕಾಯಿತು. ೨೦೦೪ರಲ್ಲಿ ನಿಷೇಧವೇ ಕೊನೆಗೊಂಡಿತು.

ಅದೇ ದೇಶದಲ್ಲಿ ಇದಕ್ಕೆ ವಿರುದ್ಧವಾದ ಒಂದು ನಿದರ್ಶನವೂ ಇದೆಯೆಂಬುದನ್ನು ಮರೆಮಾಡುವುದು ಸರಿಯಲ್ಲ. ೧೯೮೬ರ ಮೇ ತಿಂಗಳ ಶಾಸನವು ಪೂರ್ಣ ಸ್ವಯಂಚಾಲಿತ ಬಂದೂಕುಗಳಲ್ಲಿ ಅಂದಿಗೆ ನೋಂದಾಯಿಸಲ್ಪಟ್ಟವನ್ನು ಮಾತ್ರ ಖಾಸಗಿ ಮಾರಾಟಕ್ಕೆ ಬಿಟ್ಟು, ಹೊಸದನ್ನು ಶಾಶ್ವತವಾಗಿ ತಡೆಯಿತು. ಅವುಗಳ ಬೆಲೆ ಹಲವು ಪಟ್ಟು ಏರಿತು, ಇಳಿಯಲಿಲ್ಲ. ಆದರೆ ಬೇರೆ ದೇಶಗಳಲ್ಲಿ ನಡೆದುದು ಬೇರೆ. ೧೯೯೬ರ ಏಪ್ರಿಲಿನಲ್ಲಿ ಪೋರ್ಟ್ ಆರ್ಥರಿನಲ್ಲಿ ಮೂವತ್ತೈದು ಜನರ ಹತ್ಯೆಯಾದ ಮೇಲೆ ಆಸ್ಟ್ರೇಲಿಯವು ಅರೆಸ್ವಯಂಚಾಲಿತ ರೈಫಲುಗಳನ್ನು ನಿಷೇಧಿಸಿ, ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ಹಣ ಕೊಟ್ಟು ಹಿಂದಕ್ಕೆ ಪಡೆದು ನಾಶಮಾಡಿತು. ೨೦೧೯ರ ಮಾರ್ಚಿಯಲ್ಲಿ ಕ್ರೈಸ್ಟ್‌ಚರ್ಚಿನ ಮಸೀದಿಗಳಲ್ಲಿ ಐವತ್ತೊಂದು ಜನರು ಹತರಾದ ಮೇಲೆ ನ್ಯೂಜಿಲೆಂಡೂ ಹಾಗೆಯೇ ಮಾಡಿತು. ಅಲ್ಲಿ ಬಂದೂಕಿನ ಸ್ಥಿತಿಯನ್ನು ನೋಡಿ ಮೂಲಬೆಲೆಯ ನೂರಕ್ಕೆ ತೊಂಬತ್ತೈದರವರೆಗೆ ಮಾತ್ರ ಕೊಡಲಾಯಿತು. ೨೦೨೦ರ ಮೇ ೧ರಂದು ಕೆನಡವು ಸುಮಾರು ಸಾವಿರದೈನೂರು ಮಾದರಿಗಳನ್ನು ನಿಷೇಧಿಸಿದಾಗ, ಅವುಗಳನ್ನು ಇಟ್ಟುಕೊಂಡವರು ಇತರರಿಗೆ ಮಾರುವುದೂ ಅಸಾಧ್ಯವಾಯಿತು.

ಈ ನಿದರ್ಶನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ತತ್ತ್ವ ಗೋಚರಿಸುತ್ತದೆ. ಬೆಲೆ ಏರುವುದೋ ಇಳಿಯುವುದೋ ಎಂಬುದನ್ನು ನಿರ್ಣಯಿಸಿದುದು ಬಂದೂಕಿನ ಗುಣವೂ ಅಲ್ಲ, ನಿರ್ಬಂಧದ ಅಸ್ತಿತ್ವವೂ ಅಲ್ಲ, ನಿರ್ಬಂಧದ ಸ್ವರೂಪ. ಹಳೆಯದನ್ನು ಮಾರಲು ಬಿಟ್ಟು ಹೊಸದನ್ನು ಶಾಶ್ವತವಾಗಿ ತಡೆದಲ್ಲಿ ಮಾತ್ರ ಲಾಭವಾಯಿತು. ಹಿಂದಕ್ಕೆ ಪಡೆದಲ್ಲಿ ಬೆಲೆಯನ್ನು ಸರ್ಕಾರ ಗೊತ್ತುಮಾಡಿತು. ಮಾರಾಟವನ್ನೇ ನಿಲ್ಲಿಸಿದಲ್ಲಿ ಬೆಲೆಯೆಂಬುದೇ ಉಳಿಯಲಿಲ್ಲ. ನಿಷೇಧಕ್ಕೆ ಮುಂಚೆ ಕೊಳ್ಳುವವನು ಬಂದೂಕಿನ ಮೇಲೆ ಹಣ ಹೂಡುತ್ತಿಲ್ಲ. ಇನ್ನೂ ಬರೆಯದಿರುವ ಒಂದು ಶಾಸನದ ಒಕ್ಕಣೆಯ ಮೇಲೆ ಹೂಡುತ್ತಿದ್ದಾನೆ. ಆ ಒಕ್ಕಣೆಯಲ್ಲಿ ಅವನಿಗೆ ಯಾವ ಕೈವಾಡವೂ ಇಲ್ಲ.

೫

ನಮ್ಮ ವಾದಕ್ಕೆ ಬರಬಹುದಾದ ಆಕ್ಷೇಪಗಳನ್ನೂ ಪರಿಶೀಲಿಸಬೇಕು. ಮೊದಲನೆಯದಾಗಿ, ಭಾರತದಲ್ಲಿಯೂ ಲಾಭ ಪಡೆದವರಿಲ್ಲವೇ ಎಂದು ಕೇಳಬಹುದು. ಉಂಟು. ೧೯೮೦ರ ದಶಕದ ನಡುಭಾಗದಲ್ಲಿ, ಹೆಸರಾಂತ ಗುರಿಕಾರರನ್ನುಳಿದು ಸಾಮಾನ್ಯರಿಗೆ ವಿದೇಶೀ ಬಂದೂಕುಗಳ ಆಮದು ನಿಂತುಹೋಯಿತು. ಅದಕ್ಕೆ ಮುಂಚೆ ಬಂದಿದ್ದ ಪಿಸ್ತೂಲು ರಿವಾಲ್ವರುಗಳ ಬೆಲೆ ಇಲ್ಲಿ ಅವುಗಳ ತವರಿನ ಬೆಲೆಗಿಂತ ಹಲವು ಪಟ್ಟಾಯಿತು. ಆದರೆ ಆ ಕೊರತೆಯೂ ಸರ್ಕಾರದ ನೀತಿಯ ಕೂಸು. ನೀತಿ ಬದಲಾಗಿ ಖಾಸಗಿ ತಯಾರಿಕೆಗೆ ದಾರಿಯಾದ ಬಳಿಕ, ವೆಬ್ಲಿ ಮತ್ತು ಸ್ಕಾಟ್ ಎಂಬ ಹಳೆಯ ಇಂಗ್ಲಿಷ್ ಹೆಸರಿನ ರಿವಾಲ್ವರುಗಳೇ ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯಲ್ಲಿ ತಯಾರಾಗತೊಡಗಿದುವು. ಕೊರತೆಯನ್ನು ನಂಬಿದವನು ಅದು ಸಡಿಲವಾಗುವ ದಿನವನ್ನೂ ಎಣಿಸಬೇಕಾಗುತ್ತದೆ.

ಸೊರಬದವರಿಗೆ ಇದಕ್ಕಿಂತ ಹತ್ತಿರದ ದೃಷ್ಟಾಂತ ಗಂಧದ ಮರ. ಗುಡಿಗಾರರ ಕೆತ್ತನೆಯಿಂದ ಆ ಊರಿಗೆ ಹೆಸರು ತಂದ ಮರ ಅದು. ೧೭೯೨ರಲ್ಲಿ ಟಿಪ್ಪುವು ಅದನ್ನು ರಾಜವೃಕ್ಷವೆಂದು ಸಾರಿದಂದಿನಿಂದ, ೨೦೦೧ರಲ್ಲಿ ಕರ್ನಾಟಕದ ಅರಣ್ಯ ಕಾಯಿದೆ ತಿದ್ದುಪಡಿಯಾಗುವವರೆಗೆ, ತನ್ನ ಹಿತ್ತಿಲಲ್ಲೇ ಬೆಳೆದ ಮರಕ್ಕೆ ರೈತನು ಒಡೆಯನಾಗಿರಲಿಲ್ಲ. ಮರ ಅದೇ, ನೆಲ ಅದೇ, ಬದಲಾದುದು ಕಾಗದ. ಬೆಲೆಯು ವಸ್ತುವಿನಲ್ಲಿರದೆ ಕಾಗದದಲ್ಲಿರುವಾಗ ಒಡೆತನವೂ ಅಷ್ಟರಮಟ್ಟಿಗೆ ಕಾಗದದ್ದೇ ಎಂಬುದನ್ನು ಈ ಸೀಮೆಯ ಜನ ಎರಡು ಶತಮಾನ ಅನುಭವಿಸಿ ತಿಳಿದಿದ್ದಾರೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಕಾಡುಹಂದಿ ಒಂದು ರಾತ್ರಿಯಲ್ಲಿ ಗದ್ದೆಯನ್ನೋ ಜೋಳದ ಹೊಲವನ್ನೋ ಹಾಳುಮಾಡುವಾಗ, ಕೋವಿ ಬೇಡವೆಂದು ಹೇಳಲು ಪಟ್ಟಣದ ಉಪಾಧ್ಯಾಯರಿಗೆ ಏನು ಅಧಿಕಾರ? ಈ ಮಾತು ನ್ಯಾಯವಾದುದು. ನಾವು ಕೋವಿ ಬೇಡವೆನ್ನುತ್ತಿಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಎಲ್ಲೆಯೊಳಗೆ, ಬೆದರಿಕೆಯ ಈಡಿಗಾದರೂ, ಕೋವಿಯು ಬೆಳೆ ಕಾಯುವವನ ಉಪಕರಣ. ಉಪಕರಣವನ್ನು ಅಗತ್ಯ ನೋಡಿ ಕೊಳ್ಳುತ್ತೇವೆ. ನೇಗಿಲನ್ನು ನಾಳೆ ಬೆಲೆ ಏರೀತೆಂದು ಮೂರು ಮೂರು ಕೊಂಡು ಅಟ್ಟದ ಮೇಲೆ ಇಡುವುದಿಲ್ಲ. ಉಪಯೋಗಿಸದೆ ಮೂಲೆಗೆ ಒರಗಿಸಿಟ್ಟ ನೇಗಿಲಿನಿಂದ ಮಗುವಿಗೆ ಅಪಾಯವೂ ಇಲ್ಲ. ಕೋವಿಯ ವಿಷಯ ಹಾಗಲ್ಲ.

ಮೂರನೆಯದಾಗಿ, ಹಳೆಯ ಆಯುಧಗಳಿಗೆ ಹರಾಜುಗಳಲ್ಲಿ ಅಪಾರ ಬೆಲೆ ಬರುವುದನ್ನು ತೋರಿಸುವರು. ೨೦೨೩ರ ಮೇ ತಿಂಗಳಲ್ಲಿ ಟಿಪ್ಪುವಿನ ಖಡ್ಗವೊಂದು ಲಂಡನ್ನಿನಲ್ಲಿ ಒಂದು ಕೋಟಿ ನಲವತ್ತು ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. ಆದರೆ ಅದೇ ಟಿಪ್ಪುವಿನ ಕಾಲದವೆಂದು ಎಣಿಸಲಾದ ಸಾವಿರಕ್ಕೂ ಮೇಲ್ಪಟ್ಟ ಯುದ್ಧದ ರಾಕೆಟ್ಟುಗಳು ೨೦೧೮ರ ಜುಲೈಯಲ್ಲಿ ನಮ್ಮ ಜಿಲ್ಲೆಯ ನಗರದ ಒಂದು ಪಾಳುಬಾವಿಯ ಕೆಸರಿನಿಂದ ಹೊರಬಂದುವು. ಕೂಡಿಟ್ಟವರಿಗೆ ಅವುಗಳಿಂದ ಏನೂ ದೊರೆಯಲಿಲ್ಲ. ಇಂದು ಅವುಗಳಿಗೆ ಬೆಲೆಯಿರುವುದು ನಮ್ಮಂತಹ ಇತಿಹಾಸದ ವಿದ್ಯಾರ್ಥಿಗಳಿಗೆ. ಆಯುಧ ಕಾಯಿದೆಯೂ ತನ್ನ ನಲವತ್ತೈದನೆಯ ಪ್ರಕರಣದಲ್ಲಿ, ದುರಸ್ತಿ ಮಾಡಿದರೂ ಹಾರಿಸಲಾಗದ ಪುರಾತನ ಆಯುಧಕ್ಕೇ ವಿನಾಯಿತಿ ಕೊಡುತ್ತದೆ. ಕೋವಿಯು ನಿರ್ಬಂಧವಿಲ್ಲದ ಸೊತ್ತಾಗುವುದು ಅದು ಕೋವಿಯಾಗಿ ಉಳಿಯದಿದ್ದಾಗ.

೬

ಕೊನೆಯದಾಗಿ ನಮ್ಮವರ ತಪ್ಪನ್ನೂ ಹೇಳಬೇಕು. ಈ ವಾದಕ್ಕೆ ಇತಿಹಾಸದ ಮಾತುಗಳನ್ನು ಒದಗಿಸಿದವರು ರೈತರಲ್ಲ. ಸ್ಥಳೇತಿಹಾಸಗಳ ಮುನ್ನುಡಿಗಳಲ್ಲಿ, ಉತ್ಸವದ ಭಾಷಣಗಳಲ್ಲಿ ವೀರಭೂಮಿ, ಖಡ್ಗಪರಂಪರೆ ಎಂಬ ಮಾತುಗಳನ್ನು ಹಗುರವಾಗಿ ಬಳಸಿದವರು ಉಪಾಧ್ಯಾಯರೇ. ವೀರಗಲ್ಲಿನ ಕೆಳಗಿನ ಪಟ್ಟಿಕೆಯನ್ನು ವರ್ಣಿಸಿ, ಶಾಸನಭಾಗದಲ್ಲಿರುವ ಗದ್ದೆಯ ಅಳತೆಯನ್ನು ಬಿಟ್ಟವರೂ ನಾವೇ. ಸಾಕ್ಷ್ಯವನ್ನು ಅರ್ಧ ಓದಿ ಹೇಳಿದರೆ ಉಳಿದರ್ಧವನ್ನು ಕೇಳುವವನು ತನ್ನ ಆಸೆಗೆ ತಕ್ಕಂತೆ ತುಂಬಿಕೊಳ್ಳುತ್ತಾನೆ.

ಆದ್ದರಿಂದ ಈ ಎರಡು ತಾಲ್ಲೂಕುಗಳ ವಿದ್ಯಾರ್ಥಿಗಳಲ್ಲಿ ನಮ್ಮ ಸೂಚನೆ ಇಷ್ಟೆ. ತಮ್ಮ ಊರಿನ ವೀರಗಲ್ಲುಗಳಲ್ಲಿ ಸತ್ತವನ ಮನೆಗೆ ಏನು ಕೊಟ್ಟರೆಂಬುದನ್ನು ಅವರು ಓದಿ ಪಟ್ಟಿಮಾಡಲಿ; ಮನೆಯಲ್ಲಿ ಕೋವಿಯಿದ್ದರೆ ಅದರ ಪರವಾನಗಿಯ ಪುಸ್ತಕವನ್ನೂ, ಅದರ ಮೇಲಿನ ಷರತ್ತುಗಳನ್ನೂ, ಅವಧಿಯ ತಾರೀಖನ್ನೂ ಹಿರಿಯರೊಡನೆ ಕುಳಿತು ಒಮ್ಮೆ ಓದಲಿ. ಇವೆರಡನ್ನೂ ಪೂರ್ತಿಯಾಗಿ ಓದಿದ ಮನೆಯಲ್ಲಿ ಫಸಲಿನ ಹಣವನ್ನು ಎಲ್ಲಿ ಇಡಬೇಕೆಂಬ ಚರ್ಚೆ ಬೇರೆಯ ರೀತಿಯಲ್ಲಿ ನಡೆಯುವುದೆಂದು ನಮ್ಮ ನಂಬಿಕೆ.